ಹೊನ್ನೆಮರದ ಆಚೆ ಕರೆದ ಹೆಸರು

ಚನ್ನಗಿರಿ ಸಂತೆಯಲ್ಲಿ ಒಣಮೀನಿನವರು ಕೂರುವ ಸಾಲೇ ಬೇರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನದವರು ನಾವು; ಆ ಸಾಲು ಬಂದಾಗ ಸೆರಗು ಮೂಗಿಗೊತ್ತಿ, ಕಾಲು ಚುರುಕು ಮಾಡಿ ದಾಟಿಬಿಡುವುದು ರೂಢಿ. ಹೋದ ವಾರ ನಾನು ದಾಟಲಿಲ್ಲ. ಸೊಪ್ಪಿನ ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಜೊತೆಗಿದ್ದವಳು ಸುಮ, ನನ್ನ ಮೈದುನನ ಹೆಂಡತಿ. ಅವಳಿಗೆ ಜೀವ ಬಾಯಿಗೆ ಬಂತು. "ಏನಕ್ಕಾ, ಇಲ್ಲಿ ನಿಂತ್ಕಂಡ್ರಿ? ನಮ್ಮೂರೋರು ಯಾರಾರ ನೋಡಿದ್ರೆ ಏನಂದ್ಕಂತಾರೆ, ಬರ್ರಿ," ಎಂದು ತೋಳು ಜಗ್ಗಿದಳು.

ಮಾರುವವಳು ಗಿರಾಕಿ ಬಿಡುವವಳಲ್ಲ. "ಸೀಗಡಿ ಐತೆ ನೋಡ್ರಿ ಅಕ್ಕಾರೆ. ಕುಮಟಾದ ಕಡೇದು, ಒಳ್ಳೆ ಮಾಲು."

"ನಮಗಲ್ಲವ್ವಾ. ಒಂದು ಹಿಡಿ ಕೊಡು, ನಾಯಿಗೆ," ಅಂದೆ.

"ನಾಯಿಗೆ ಅಂತಾನೇ ಎಲ್ರೂ ಒಯ್ತಾರೆ ಬಿಡ್ರಿ," ಎಂದು ಅವಳು ನಕ್ಕಳು. ಸುಮ ನಾಚಿಕೆಯಿಂದ ಆಚೆ ತಿರುಗಿ ನಿಂತಳು. ನಾನು ಪೊಟ್ಟಣವನ್ನು ಚೀಲದ ತಳಕ್ಕೆ ತುರುಕಿದೆ. ನಾಯಿಗೇ ಅದು, ಸುಳ್ಳಲ್ಲ. ಆದರೆ ಆ ವಾಸನೆಗೆ ನಿಂತದ್ದು ನಾಯಿಯಲ್ಲ, ನಾನು.

ನನ್ನ ಗಂಡ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವರು. ಆದರೆ ಹಳ್ಳಿಯವರಿಗೆ ಸೂಜಿ ಹಿಡಿದವರೆಲ್ಲ ಡಾಕ್ಟರೇ. ಜಗಳೂರಿನಲ್ಲಿ ಕೆಲಸ ಮಾಡುವಾಗ ಕುರಿ ಕಾಯುವವರೊಬ್ಬರು ಒಂದು ಕೆಂಪು ಮರಿಯನ್ನು ಇವರ ಮಡಿಲಿಗೆ ಹಾಕಿ, "ಸಾಕ್ಕಳ್ರಿ ಸಾಹೇಬ್ರೆ" ಅಂದಿದ್ದರಂತೆ. ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ಕೆರೆಬಿಳಚಿಗೆ ತಂದರು. ಅದೇ ಕೆಂಚ. ಅದು ದೊಡ್ಡದಾಗುವ ಹೊತ್ತಿಗೆ ಇವರಿಗೆ ಕುಮಟಾದ ಆಚೆಯ ಒಂದು ಸಮುದ್ರದಂಡೆಯ ಊರಿಗೆ ವರ್ಗವಾಯಿತು. "ನೀರಿಲ್ಲದ ಕಡೆಯಿಂದ ತಗದು ಬರೀ ನೀರಿರೋ ಕಡೆ ಒಗೆದಾರೆ ನೋಡು," ಎಂದು ಮೈದುನ ನಕ್ಕ. ಅತ್ತೆ ಜೋಳದ ಹಿಟ್ಟು, ಖಾರದಪುಡಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, "ಮೀನು ಬೇಯಿಸಿದ ಮಡಿಕೇಲಿ ನೀರು ಕುಡಿದು ಬಂದೀಯ, ಹುಷಾರವ್ವಾ" ಎಂದರು. ಸಾಮಾನಿನ ಟೆಂಪೊದಲ್ಲಿ ಟ್ರಂಕಿನ ಮೇಲೆ ಕೆಂಚ ಕೂತಿತ್ತು. ಮದುವೆಯಾಗಿ ಎಷ್ಟೋ ವರ್ಷವಾದ ಮೇಲೆ ನಾವಿಬ್ಬರೇ ಒಂದು ಮನೆಯಲ್ಲಿರಲು ಹೊರಟದ್ದು ಅದೇ ಮೊದಲು. ಅದೇ ಕೊನೆಯೂ ಆಯಿತು.

ಮುಂದಿನದು ತಿಳಿಯಬೇಕಾದರೆ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹಿಡಿಯುವುದಿಲ್ಲ. ನನ್ನ ತವರಿನ ಅಜ್ಜಿಯ ಗಂಡ ಹಾಲಪ್ಪ. ಅಜ್ಜಿ ಸಾಯುವ ತನಕ ಹಾಲಿಗೆ ಹಾಲು ಅನ್ನಲಿಲ್ಲ, "ಬಿಳೇದು ಕಾಯ್ಸಿಡು" ಅನ್ನುತ್ತಿದ್ದಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ನಕ್ಕದ್ದಕ್ಕೆ ಸರಿಯಾಗಿ ನನ್ನನ್ನು ಕೊಟ್ಟದ್ದು ಹಾಲೇಶ ಎನ್ನುವವರಿಗೆ. ಹಾಲಿಗೆ ನಾನು ಹಾಲು ಅಂತಲೇ ಅಂದೆ, ಅಷ್ಟರ ಮಟ್ಟಿಗೆ ಕಾಲ ಮುಂದೆ ಬಂದಿತ್ತು. ಹೆಸರು ಮಾತ್ರ ಹೇಳಿದ್ದು ಒಂದೇ ಸಲ, ಮದುವೆಯಲ್ಲಿ ಒಡಪು ಹಾಕುವಾಗ. ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಗಂಡನ ಹೆಸರನ್ನು ಪ್ರಾಸದಲ್ಲಿ ಹೇಳಿಸದೆ ಒಳಗೆ ಬಿಡುವುದಿಲ್ಲವಲ್ಲ, ಅದಕ್ಕೆಂದು ನನ್ನ ಸೋದರತ್ತೆ ಕಟ್ಟಿಕೊಟ್ಟಿದ್ದಳು:

ಸೂಳೆಕೆರೆ ಏರಿ ಮ್ಯಾಲೆ ಸಾಲು ಸಾಲು ಬೇವು,
ಹಾಲೇಶ ಅವರ ಹೆಸರು ಹೇಳಾಕೆ ನನಗ್ಯಾವ ನೋವು?

ತಲೆ ತಗ್ಗಿಸಿ ಗಡಗಡ ಒದರಿ ಒಳಗೆ ಓಡಿದ್ದೆ. ಆಮೇಲೆಲ್ಲ ಬರೀ "ರೀ". ಮಕ್ಕಳಿದ್ದವರು ಮಗುವಿನ ಹೆಸರು ಕೂಗಿ ಗಂಡನನ್ನು ಕರೆಯುತ್ತಾರೆ, ಅದೊಂದು ಅನುಕೂಲ. ನಮಗೆ ಮಕ್ಕಳಾಗಲಿಲ್ಲ. ತುಂಬಿದ ಮನೆಯಲ್ಲಿ, ಮಾವ ಜಗಲಿಯಲ್ಲಿ ಕೂತಿರುವಾಗ, ಹಿತ್ತಲಲ್ಲಿರುವ ಗಂಡನನ್ನು "ರೀ" ಎಂದು ಕೂಗಲೂ ಸಂಕೋಚ. ಕೆಂಚ ಬಂದ ಮೇಲೆ ದಾರಿ ಸಿಕ್ಕಿತು. "ಕೆಂಚಾ, ರೊಟ್ಟಿ ಆರ್ತಾವೆ ನೋಡು," ಎಂದರೆ ನಾಯಿಯೂ ಬರುತ್ತಿತ್ತು, ಇವರೂ ಬರುತ್ತಿದ್ದರು. "ಅಣ್ಣಾ, ಅತ್ತಿಗೆ ನಾಯಿ ಕರೀತಾ ಅದಾರೆ, ಹೋಗು," ಎಂದು ಮೈದುನ ಹಾಸ್ಯ ಮಾಡುವನು.

ಸಮುದ್ರದೂರಿನಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟವಳು ಮಾದೇವಕ್ಕ. ಮೀನು ಮಾರುವ ಹೆಂಗಸು, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮನಸ್ಸು. ಮೊದಲ ದಿನವೇ ನಮ್ಮೂರು ಯಾವುದು ಎಂದು ಕೇಳಿದಳು. ಕೆರೆಬಿಳಚಿ ಎಂದೆ. ಅವಳಿಗೆ ನಗು ತಡೆಯಲಿಲ್ಲ. ಅವರ ಕಡೆ ಬಳಚು ಎಂದರೆ ಅಳಿವೆಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವವಂತೆ, ಸಾರಿಗೆ ಬಲು ರುಚಿಯಂತೆ. "ಕೆರೆಯಲ್ಲೂ ಬಳಚು ಸಿಕ್ತದ್ಯಾ ನಿಮ್ಮಲ್ಲಿ? ಹಾಗಾರೆ ನೀವು ತಿನ್ನುದಿಲ್ಲ ಹೇಳುದು ಸುಳ್ಳು!" ಎಂದು ಕೇರಿಯವರಿಗೆಲ್ಲ ಸಾರಿದಳು. ನಾನು ಸಿಟ್ಟಿನಿಂದ ಬಾಗಿಲು ಹಾಕಿಕೊಂಡೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವಳೇ ಒಂದು ಎಳನೀರು ಕೆತ್ತಿಕೊಂಡು ಬಂದು ಮೆಟ್ಟಿಲ ಮೇಲೆ ಇಟ್ಟು ಹೋದಳು.

ಅವಳ ಹಿತ್ತಲಿನ ಕೊನೆಗೆ ಬಾಗಿದ ಒಂದು ಹೊನ್ನೆಮರ. ಅದರ ಕೆಳಗಿಂದ ಇಳಿದರೆ ಪುಟ್ಟ ಕಡಲತೀರ. ಚಿತ್ರದಲ್ಲಿರುವಂಥ ಮರಳ ದಂಡೆಯಲ್ಲ. ಎರಡು ಗುಡ್ಡಗಳ ನಡುವೆ ಸಿಕ್ಕಿಕೊಂಡ ಒಂದು ಮೂಲೆ, ಕರೀ ಬಂಡೆಗಳು, ಅವುಗಳ ಸಂದಿಯಲ್ಲಿ ಅಂಗೈಯಗಲ ಮರಳು. ಪ್ರವಾಸಿಗರು ಯಾರೂ ಬರುತ್ತಿರಲಿಲ್ಲ. ನೀರು ಇಳಿದಾಗ ಬಂಡೆಗಳು ಒಂದೊಂದಾಗಿ ಎದ್ದು ಬರುವವು, ಗುಂಡಿಗಳಲ್ಲಿ ಸಣ್ಣ ಮೀನು, ಏಡಿ ಉಳಿಯುವವು. ಕೆಂಚ ಏಡಿಗೆ ಮೂಗು ಕೊಟ್ಟು ಕಚ್ಚಿಸಿಕೊಂಡು ಕುಂಯ್ ಎಂದು ಹಾರುವುದು, ಮತ್ತೆ ಅದೇ ಏಡಿಯ ಹತ್ತಿರ ಹೋಗುವುದು. ಅದಕ್ಕೂ ಬುದ್ಧಿ ಬರಲಿಲ್ಲ, ನೋಡಿ ನಗುವ ನಮಗೂ ಸಾಕೆನಿಸಲಿಲ್ಲ.

ಭದ್ರಾ ಕಾಲುವೆಯ ನೀರಿನಲ್ಲಿ ಬತ್ತ ಬೆಳೆದ ಮನೆ ನಮ್ಮದು. ಸರದಿಯ ಪ್ರಕಾರ ನೀರು ಬಿಡುತ್ತಾರೆ, ನಿಲ್ಲಿಸುತ್ತಾರೆ. ಆನ್, ಆಫ್ ಎನ್ನುವುದು ನಮ್ಮಲ್ಲಿ ಅಕ್ಷರ ಬಾರದವರ ಬಾಯಲ್ಲೂ ಇದೆ. ನನ್ನ ಗಂಡ ಸಮುದ್ರವನ್ನೂ ಹಾಗೇ ತಿಳಿದರು. "ಈಗ ಆಫ್ ಐತೆ ಕಣೆ, ಬಾ ಹೋಗಾಣ," ಎಂದು ಟವೆಲ್ಲು ಹೆಗಲಿಗೆ ಹಾಕುವರು. ಮಾದೇವಕ್ಕ ಅದೇನೆಂದು ಕೇಳಿ ತಿಳಿದುಕೊಂಡು, "ನೀರು ಬಿಡೂಕೂ ಆಪೀಸರು ಬೇಕಾ ನಿಮ್ಮೂರಲ್ಲಿ?" ಎಂದು ಕನಿಕರಪಟ್ಟಳು.

ದೀಪಾವಳಿ ಮುಗಿಸಿ ಹೋದವರು ನಾವು. ಎಳ್ಳಮಾವಾಸ್ಯೆ ಬಂತು, ಭಾನುವಾರ ಬಿದ್ದಿತ್ತು. ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟ ಮಾದೇವಕ್ಕ, "ಅಮಾಸೆ ಇವತ್ತು, ಭರ್ತಿ ಜೋರು ಅದೆ, ಹುಷಾರಿ," ಎಂದು ಕೂಗಿ ಹೇಳಿದಳು. ನಮ್ಮ ಕಡೆ ಭರ್ತಿ ಎಂದರೆ ತುಂಬಿದ್ದು: ಕೆರೆ ಭರ್ತಿ, ಬಸ್ಸು ಭರ್ತಿ. ಅಮಾವಾಸ್ಯೆಗೆ ದೇವಸ್ಥಾನಕ್ಕೆ ಹೋಗುವ ಬಸ್ಸು ತುಂಬಿರುತ್ತದೆ ಎನ್ನುತ್ತಿದ್ದಾಳೆ ಎಂದುಕೊಂಡೆ. "ನಾವೆಲ್ಲೂ ಹೋಗಲ್ಲಕ್ಕಾ, ಇಲ್ಲೇ ಇರ್ತೀವಿ," ಎಂದು ಉತ್ತರ ಕೊಟ್ಟೆ. ಅವಳು ಒಳ್ಳೆಯದೆಂದು ತಲೆಯಾಡಿಸಿ ಹೋದಳು. ಸಮುದ್ರ ಏರುವುದಕ್ಕೆ ಭರ್ತಿ ಎನ್ನುತ್ತಾರೆ ಎಂದು ಗೊತ್ತಿದ್ದರೆ ತಾನೆ?

ಹಿಂದಿನ ಭಾನುವಾರ ಮಧ್ಯಾಹ್ನದವರೆಗೂ ಬಂಡೆಗಳು ತೆರೆದೇ ಇದ್ದವು. ಭಾನುವಾರದ ಸರದಿ ಭಾನುವಾರಕ್ಕೇ ಅಲ್ಲವೇ, ನಮ್ಮ ಲೆಕ್ಕದಲ್ಲಿ! ತಿಂಡಿ ಮುಗಿಸಿ ಇಳಿದೆವು. ಇವರು ಕೆಂಚನನ್ನು ಕರೆದುಕೊಂಡು ತುದಿಯ ದೊಡ್ಡ ಬಂಡೆಯವರೆಗೆ ಹೋಗಿ, ಗುಂಡಿಯೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಏನನ್ನೋ ನೋಡುತ್ತಿದ್ದರು. ನಾನು ದಡದಲ್ಲಿ ಚಿಪ್ಪು ಆರಿಸುತ್ತಿದ್ದೆ. ತಲೆ ಎತ್ತಿದಾಗ ಅವರಿಗೂ ನನಗೂ ನಡುವೆ ನೀರು. ಕಾಲುವೆಯ ನೀರು ಮೇಲಿನಿಂದ ಬರುತ್ತದೆ, ಕಣ್ಣಿಗೆ ಕಂಡೇ ಬರುತ್ತದೆ. ಸಮುದ್ರ ಎದುರಿಗೆ ಸುಮ್ಮನೆ ಆಡುತ್ತ ಇದ್ದು, ಬಂಡೆಯ ಹಿಂದಿನ ತಗ್ಗಿನಲ್ಲಿ ನುಗ್ಗಿತ್ತು.

"ರೀ!" ಎಂದೆ. ಗಾಳಿಗೆ ಅದು ನನ್ನ ಬಾಯಿಂದ ಹೊರಗೇ ಬರಲಿಲ್ಲ. "ರೀ, ನೀರು ಬಂತ್ರೀ!" ಇಲ್ಲ, ಅವರು ತಿರುಗಲಿಲ್ಲ. ಆಗ ಬಾಯಿಗೆ ಬಂದದ್ದು ದಿನದ ಅಭ್ಯಾಸ: "ಕೆಂಚಾ! ಬಾರೋ! ಬೇಗ ಬಾರೋ ಕೆಂಚಾ!"

ಕೆಂಚ ಬಂತು. ನೀರಿಗೆ ಹಾರಿ, ಈಜಿ, ನನ್ನ ಕಾಲ ಬಳಿ ಬಂದು ಮೈ ಒದರಿತು. ಅವರು ಮಾತ್ರ ಹಿಂದೆ ನೋಡದೆ ಕೈ ಎತ್ತಿ ಬೀಸಿದರು, ಬರುತ್ತದೆ ಬಿಡು ಎನ್ನುವಂತೆ. ನಾಯಿಯನ್ನು ಕರೆದೆ ಎಂದುಕೊಂಡರು! ಮನೆಯಲ್ಲಿ ಅಷ್ಟು ಸಲ ಆ ಹೆಸರಿಗೆ ಎದ್ದು ಬಂದವರು, ಬೇಕಾದ ದಿನ ಬರಲಿಲ್ಲ. ಅಲೆಯೊಂದು ತಗ್ಗಿನಲ್ಲಿ ಎದೆಮಟ್ಟಕ್ಕೆ ಎದ್ದು ಬಿತ್ತು.

"ಹಾಲೇಶಾ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವರು ಸಾಹೇಬರು ಕರೆದಂತೆ ದಡಕ್ಕನೆ ಎದ್ದು ನಿಂತರು, ತಿರುಗಿದರು, ನೀರು ನೋಡಿದರು. ಬಂಡೆಯಿಂದ ಬಂಡೆಗೆ ಕೈಯೂರಿ, ಸೊಂಟದ ಮೇಲಿನ ನೀರಿನಲ್ಲಿ ತಡವರಿಸಿ, ಒಂದು ಚಪ್ಪಲಿ ಕಳೆದುಕೊಂಡು ದಡಕ್ಕೆ ಬಂದು ಬಿದ್ದರು. ಮೀನು ಮಾರಿ ಮರಳುತ್ತಿದ್ದವಳು ಕೂಗು ಕೇಳಿ ಹಾದಿಯಿಂದಲೇ ಓಡಿ ಬಂದಿದ್ದ ಮಾದೇವಕ್ಕ ಹೊನ್ನೆಮರದಡಿ ನಿಂತು ಎದೆ ನೀವಿಕೊಳ್ಳುತ್ತಿದ್ದಳು. ವಿಷಯ ಪೂರಾ ತಿಳಿದ ಮೇಲೆ, "ಗಂಡನ ಹೆಸರು ಕರೀಲಿಕ್ಕೆ ಸಮುದ್ರವೇ ಏರಿ ಬರ್ಬೇಕಾಯ್ತಾ ಮಾರಾಯ್ತಿ?" ಎಂದಳು.

ನಾನು ಅಳುತ್ತಿದ್ದೆ, ಇವರ ಬೆನ್ನಿಗೆ ಗುದ್ದುತ್ತಿದ್ದೆ. ಇವರು ಮೂಗಿಗೆ ಹೋದ ಉಪ್ಪುನೀರು ಸೀನುತ್ತಲೇ ನನ್ನ ಮುಖ ನೋಡಿ, "ಇನ್ನೊಂದ್ಸಲ ಕರಿ," ಎಂದರು.

"ಸುಮ್ನಿರ್ರಿ. ಸಾಯಾಕೆ ಹೊಂಟಿದ್ದಿರಿ."

"ಕರಿಯೇ ಗಿರಿಜಾ. ನಮ್ಮವ್ವ ಕರೀತಾಳೆ, ಊರೋರು ಕರೀತಾರೆ. ನೀ ಕರೆದ್ರೆ ಹೆಂಗಿರ್ತೈತೆ ಅಂತ ಇವತ್ತೇ ಗೊತ್ತಾಗಿದ್ದು."

ಅಂದಿನಿಂದ ಒಂದು ಕರಾರು ಆಯಿತು. ಹೊನ್ನೆಮರದ ಈಚೆ "ರೀ". ಆಚೆ ಹೆಸರು. ಮೊದಮೊದಲು ನಾಲಿಗೆ ತೊಡರುತ್ತಿತ್ತು. ಆಮೇಲೆ ಬೇಕಿಲ್ಲದಿದ್ದರೂ ಕರೆಯುವಷ್ಟು ಸಲಿಗೆ ಬಂತು. ಹೆಸರು ಹಿಡಿದು ಕರೆದರೆ ಮಾತೇ ಬೇರೆಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. "ರೀ" ಎಂದಾಗ ಹೇಳುತ್ತಿದ್ದದ್ದು ಉಪ್ಪು ಮುಗಿದದ್ದು, ಗ್ಯಾಸು ಬಂದದ್ದು. ಹೆಸರಿಗೆ ಬೇರೆ ಮಾತು ಬಂದವು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಮ್ಮೆ ಕಂಡರೆ ತೊಡೆ ನಡುಗುತ್ತಿತ್ತು ಎಂದು ಅವರು ಹೇಳಿದ್ದು ಆ ಬಂಡೆಯ ಮೇಲೆ. "ಮಕ್ಕಳಿಲ್ಲ ಅಂತ ನಿನಗೆ ಬೇಜಾರೇನೆ?" ಎಂದು ಕೇಳಿದ್ದೂ ಅಲ್ಲೇ. ಅಷ್ಟು ವರ್ಷದಲ್ಲಿ ಊರೆಲ್ಲ ನನಗೆ ಹರಕೆ ಹೇಳಿಕೊಟ್ಟಿತ್ತು, ಔಷಧಿ ಹೇಳಿಕೊಟ್ಟಿತ್ತು. ಬೇಜಾರೇನೆ ಎಂದು ಯಾರೂ ಕೇಳಿರಲಿಲ್ಲ. ಹೌದು ಎಂದೆ. ನನಗೂ ಎಂದರು. ಕೆಂಚ ನಮ್ಮಿಬ್ಬರ ನಡುವೆ ಒದ್ದೆ ಮೈ ತೂರಿಸಿ ಕೂತಿತು. ಮಾದೇವಕ್ಕ ಅದಕ್ಕೆ ಒಣಸೀಗಡಿಯ ರುಚಿ ಹತ್ತಿಸಿಬಿಟ್ಟಿದ್ದಳು. ಅದರ ಉಸಿರೆಲ್ಲ ಅದೇ ವಾಸನೆ. ನಾನು ಮೂಗು ಮುಚ್ಚಿಕೊಳ್ಳುವುದನ್ನೇ ಮರೆತಿದ್ದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಕಡೆಯ ನಲ್ಲೂರಿನ ಹತ್ತಿರಕ್ಕೆ ವರ್ಗವಾದ ಸುದ್ದಿ ಬಂತು. ಮಾವ ಓಡಾಡಿ, ಯಾರಿಗೋ ಹೇಳಿಸಿ ಮಾಡಿಸಿದ್ದರು. ನನಗೂ ಖುಷಿಯಾಯಿತು, ಏಕೆ ಸುಳ್ಳು ಹೇಳಲಿ? ಅತ್ತೆಯ ಕೈರೊಟ್ಟಿ, ನಮ್ಮ ಮಾತು, ನಮ್ಮ ಒಣಹವೆ. ಹೊರಡುವ ದಿನ ಕೆಂಚನೂ ಸೇರಿ ಮೂವರೂ ಹಿತ್ತಲಿಗೆ ಹೋದೆವು. ಸಮುದ್ರ ಕೆಂಪಗೆ ಕದಡಿ ಹೊನ್ನೆಮರದ ಬುಡಕ್ಕೇ ಬಡಿಯುತ್ತಿತ್ತು. ಒಂದು ಬಂಡೆಯೂ ಕಾಣುತ್ತಿರಲಿಲ್ಲ.

"ಕರಿ," ಎಂದರು.

"ಮರದ ಆಚೆ ಜಾಗ ಎಲ್ಲೈತ್ರೀ?" ಎಂದೆ, ತಮಾಷೆಗೆ.

ಅವರೂ ನಕ್ಕರು. "ಬ್ಯಾಸಿಗಿಗೆ ಬರಾಣ ಬಿಡು. ಆಫ್ ಇದ್ದಾಗ."

ಬರಲಿಲ್ಲ. ಆ ಬೇಸಿಗೆ ನಾದಿನಿಯ ಮದುವೆ, ಮರುವರ್ಷ ಮಾವನ ಕಾಯಿಲೆ, ಸಾವು, ಆಮೇಲೆ ಇನ್ನೇನೋ. ಒಮ್ಮೆ ಮಾತ್ರ ಕೆಂಚನ ನೆಪ ಮಾಡಿ ಸೂಳೆಕೆರೆಯ ದಡಕ್ಕೆ ಹೋಗಿದ್ದೆವು. ಅಲ್ಲೂ ಬಂಡೆಗಳಿವೆ, ಗಾಳಿಯಿದ್ದರೆ ಅಲೆಯೂ ಬರುತ್ತದೆ. "ಇಲ್ಲಿ ಕರಿ ನೋಡಾಣ," ಎಂದರು. ಬಾಯಿ ತೆರೆದಿದ್ದೆ. ಏರಿಯ ಮೇಲೆ ಬೈಕು ನಿಂತಿತು, ದೂರದ ನೆಂಟನೊಬ್ಬ, "ಏನ್ರೀ ಅತ್ತಿಗೇರೆ, ಇಲ್ಲಿ?" ಎಂದ. ನಾನು ಸೆರಗು ಸರಿ ಮಾಡಿಕೊಂಡು, "ಮುಂದಿನ ಸಲ," ಎಂದು ಇವರಿಗೆ ಪಿಸುಗುಟ್ಟಿದೆ. ಕೆರೆಬಿಳಚಿಯ ಮನೆಯಲ್ಲಿ ನಾನು ಮತ್ತೆ ಕೆಂಚನನ್ನು ಕರೆಯತೊಡಗಿದೆ. ಇಬ್ಬರೂ ಊಟಕ್ಕೆ ಬರುತ್ತಿದ್ದರು. ಮಾತು ಮತ್ತೆ ಉಪ್ಪಿಗೂ ಗ್ಯಾಸಿಗೂ ಬಂದು ನಿಂತಿತು.

ಹೋದ ವರ್ಷ ಕೆಲಸದಿಂದ ಬಂದವರು ಎದೆ ಹಿಡಿದುಕೊಂಡು ಜಗಲಿಯಲ್ಲಿ ಕುಸಿದರು. ದಾವಣಗೆರೆಗೆ ಒಯ್ದೆವು. ಮರುದಿನ ಮಧ್ಯಾಹ್ನ ಒಬ್ಬ ನರ್ಸಮ್ಮ ಹೊರಗೆ ಬಂದು, "ಒಳಗೆ ಬಂದು ಹೆಸರು ಹಿಡಿದು ಕರೀರಿ. ಕೆಲವ್ರು ಕಣ್ಣು ಬಿಡ್ತಾರೆ," ಎಂದಳು. ಅತ್ತೆ ತಲೆಯ ಹತ್ತಿರ ನಿಂತು, "ಹಾಲೇಶಾ, ಏಳಪ್ಪಾ" ಎಂದು ಕರೆದರು. ಮೈದುನ ಅಣ್ಣಾ ಎಂದ. ನನ್ನ ಸರದಿ ಬಂತು. ಅತ್ತೆ ನನ್ನ ಪಕ್ಕದಲ್ಲೇ ಇದ್ದರು, ಅವರ ಕೈ ನನ್ನ ಭುಜದ ಮೇಲಿತ್ತು.

"ರೀ," ಎಂದೆ. "ರೀ, ನೋಡ್ರಿ ಇಲ್ಲಿ."

ಅವರು ನೋಡಲಿಲ್ಲ.

ಸಂತೆಯಿಂದ ಮನೆಗೆ ಬಂದಾಗ ಅತ್ತೆ ಮೂಗರಳಿಸಿದರು. ಕಣ್ಣು ಮಂಜಾಗಿದ್ದರೂ ಮೂಗು ಚುರುಕು. "ಏನೇ ಇದು, ಮೀನಿನ ವಾಸ್ನಿ?" ಸುಮ ನನ್ನ ಮುಖ ನೋಡಿ ಒಳಗೆ ಜಾರಿಕೊಂಡಳು. ನಾನು ಪೊಟ್ಟಣ ತೆಗೆದು ಹೊಸಿಲಾಚೆ ಇಟ್ಟೆ. ಬೈಸಿಕೊಳ್ಳುವುದು ಹೇಗೂ ಇದೆ ಎಂದು ಎಲ್ಲವನ್ನೂ ಹೇಳಿಬಿಟ್ಟೆ: ಬಂಡೆ, ಭರ್ತಿ, ಕೆಂಚ ಒಂದೇ ಈಜಿ ಬಂದದ್ದು, ನಾನು ಹೆಸರು ಕೂಗಿದ್ದು, ಹೊನ್ನೆಮರದ ಕರಾರು. ಆಫ್ ಆನ್ ಮಾತಿಗೆ ಅತ್ತೆ ನಕ್ಕರು. "ಹಂಗೇ ಅವನು, ಸಣ್ಣಾಗಿಂದ ಹಂಗೇ," ಎಂದರು. ಆಮೇಲೆ ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು.

"ಅವತ್ತು ಆಸ್ಪತ್ರೇಲಿ ನೀನು ಹೆಸರು ಹಿಡ್ದು ಕರೀಬೇಕಿತ್ತವ್ವಾ," ಎಂದರು. "ನಾ ಕರೆಯೋದು ಅವನಿಗೆ ಹುಟ್ಟಿದಾಗಿಂದ ಕೇಳಿದ್ದೇ. ನೀ ಕರೆದಿದ್ರೆ, ಇದ್ಯಾರಪ್ಪಾ ಅಂತ ಕಣ್ಣು ಬಿಡ್ತಿದ್ನೇನೋ."

"ನೀವು ಅಲ್ಲೇ ಇದ್ರಲ್ಲ ಅತ್ತೆ."

"ನಾನೇನು ಬ್ಯಾಡ ಅಂದಿದ್ನೇ?"

ಅಂದಿರಲಿಲ್ಲ. ನೆನೆಸಿ ನೆನೆಸಿ ನೋಡಿದೆ: ಅವತ್ತೂ ಅಲ್ಲ, ಅದಕ್ಕೆ ಮುಂಚೆ ಯಾವತ್ತೂ ಅಲ್ಲ, ಈ ಮನೆಯಲ್ಲಿ ಯಾರೂ ನನಗೆ ಬೇಡ ಎಂದಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಅತ್ತೆ ಎಲೆ ಬಾಯಿಗಿಡಲಿಲ್ಲ. "ನಿಮ್ಮ ಮಾವನ ಹೆಸರು ನಾನೂ ಕರೀಲಿಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಆ ಸಂಜೆಯೇ ಕೆಂಚನನ್ನು ಕರೆದುಕೊಂಡು ಸೂಳೆಕೆರೆಗೆ ಹೋದೆ. ಮುದಿಯಾಗಿದೆ, ಹಿಂಗಾಲು ಎಳೆಯುತ್ತದೆ, ದಾರಿಯುದ್ದಕ್ಕೂ ಕೂತು ಎದ್ದು ಬಂತು. ಬಂಡೆಯ ಮೇಲೆ ಸೀಗಡಿ ಸುರಿದೆ. ಮೂಸಿತು, ಬಾಲ ಒಮ್ಮೆಲೇ ಚಿಗುರಿತು, ಹಲ್ಲಿಲ್ಲದ ಕಡೆಗೂ ಹಾಕಿ ತಿಂದಿತು. ತಿಂದಾದ ಮೇಲೆ ನೀರಿನಂಚಿಗೆ ಹೋಗಿ ಅದೇನನ್ನೋ ಹುಡುಕತೊಡಗಿತು, ಏಡಿಯನ್ನೇ ಇರಬೇಕು. ಗಾಳಿ ಇತ್ತು. ಕೆರೆಯ ನೀರು ಬಂಡೆಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು, ಏರಲೂ ಇಲ್ಲ, ಇಳಿಯಲೂ ಇಲ್ಲ. ಏರಿಯ ಮೇಲೆ ಬೈಕುಗಳು ಹೋಗುತ್ತಲೇ ಇದ್ದವು. ಹೋಗಲಿ ಎಂದುಕೊಂಡೆ.

"ಹಾಲೇಶಾ!" ಎಂದು ಕೂಗಿದೆ, ಗಂಟಲು ಹರಿಯುವಂತೆ.

ಬೈಕಿನವನೊಬ್ಬ ತಿರುಗಿ ನೋಡಿ ಹೋದ. ನೀರಿನಂಚಿನಲ್ಲಿದ್ದ ಕೆಂಚ ಕಿವಿ ನಿಮಿರಿಸಿ ತಲೆ ಎತ್ತಿತು. ಕರೆದದ್ದು ತನ್ನನ್ನೇ ಎಂದುಕೊಂಡು, ಬಾಲ ಆಡಿಸುತ್ತ, ಕಾಲೆಳೆಯುತ್ತ, ಕಲ್ಲಿನಿಂದ ಕಲ್ಲಿಗೆ ಕಷ್ಟಪಟ್ಟು ನನ್ನ ಹತ್ತಿರ ಬಂತು.

"ನೀನಲ್ಲ ಕಣೋ," ಅಂದೆ.